ಚಿಗವ್ವನನ್ನು ಮೊದಲ ಸಾಲಿನಲ್ಲೇ ಕೊಂದದ್ದು

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಸಿಂದಗಿಯಲ್ಲಿ ಶಿಕ್ಷಕಿಯಾಗಿದ್ದ ನನಗೆ ಕತೆ ಬರೆಯುವ ಹುಚ್ಚಿತ್ತು. ಬಸವನ ಬಾಗೇವಾಡಿಯಲ್ಲಿ ಎರಡು ದಿನದ ಕಥಾ ಕಮ್ಮಟವೆಂದು ಕೇಳಿ ರಜೆ ಹಾಕಿ ಹೋದೆ. ಕಲಿಸಲು ಬಂದ ತಜ್ಞರು ಒಂದೂ ಕತೆ ಬರೆದವರಲ್ಲ, ಮಿದುಳಿನ ಬಗ್ಗೆ ನಾಲ್ಕು ಪುಸ್ತಕ ಓದಿದವರು. ಹಲಗೆಯ ಮೇಲೆ ಹೂಕೋಸಿನಂಥದೊಂದು ಮಿದುಳಿನ ಚಿತ್ರ ಬರೆದು, ಓದುಗರ ಭಯ ಇಲ್ಲಿ, ಕುತೂಹಲ ಅಲ್ಲಿ ಎಂದು ಕೋಲಿನಿಂದ ಚುಚ್ಚಿ ತೋರಿಸಿದರು. ಮೊದಲ ಸಾಲಿನಲ್ಲಿ ಅಪಾಯ ಕಾಣದಿದ್ದರೆ ಮಿದುಳು ಮಲಗಿಬಿಡುತ್ತದಂತೆ. ಊಟವಾದ ಮೇಲೆ ಗಮನ ಹಿಡಿದಿಡುವ ಬಗ್ಗೆ ಅವರು ಮಾತಾಡುತ್ತಿರುವಾಗಲೇ ಎದುರಿಗೆ ಕೂತ ಹಿರಿಯರೊಬ್ಬರು ಗೊರಕೆ ಹೊಡೆದರು. ಅದನ್ನು ಕಂಡೂ ನನಗೆ ಬುದ್ಧಿ ಬರಲಿಲ್ಲ.

ನಾನು ಒಯ್ದದ್ದು ತಾಂಬಾದ ನನ್ನ ಚಿಗವ್ವನ, ಅಂದರೆ ಚಿಕ್ಕಮ್ಮನ ಕತೆ. ಗಂಡ ತೀರಿದ ಮೇಲೆ ಅಂಗನವಾಡಿ ಕೆಲಸ ಹಿಡಿದು, ನಲವತ್ತು ದಾಟಿದ ವಯಸ್ಸಿನಲ್ಲಿ ಸೈಕಲ್ ಕಲಿತವಳು. ಸೈಕಲ್ಲಿಗೆ ಯಾರ ಎದೆಯೂ ಹೊಡೆದುಕೊಳ್ಳುವುದಿಲ್ಲ ಎಂದರು ತಜ್ಞರು. ಸಂಜೆಯೇ ಮೊದಲ ಸಾಲು ತಿದ್ದಿದೆ: 'ಬಾವಿಯಲ್ಲಿ ಚಿಗವ್ವನ ಹೆಣ ತೇಲುತ್ತಿತ್ತು.' ಮರುದಿನ ಓದಿದಾಗ ಅವರು ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಉಬ್ಬಿಹೋದೆ.

ಆ ಉಬ್ಬಿನಲ್ಲೇ ಮುಂದಿನ ರವಿವಾರ ತಾಂಬಾಕ್ಕೆ ಹೋಗಿ, ಓಣಿಯ ಹೆಂಗಸರ ಜೊತೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಚಿಗವ್ವನಿಗೇ ಓದಿ ಹೇಳಿದೆ.

"ನಾ ಯಾವಾಗ ಸತ್ನಿ, ಯವ್ವಾ?" ಎಂದಳು.

ಓದುವವರ ಮಿದುಳು ಎಚ್ಚರವಿರಲಿ ಎಂದು ಹಾಗೆ ಬರೆದೆ ಎಂದೆ.

"ಅವರು ಎಚ್ಚರ ಇರಾಕ ನಾ ಬಾವ್ಯಾಗ ಬೀಳಬೇಕೇನು? ಬಿದ್ದೇನಿ ಖರೆ, ಕುಸುಬಿ ಹೊಲದಾಗ ಬಿದ್ದೇನಿ."

ಆಮೇಲೆ ತಾನೇ ಹೇಳತೊಡಗಿದಳು. ಬ್ರೇಕು ಹಿಡಿಯದೆ, ಸೈಕಲ್ ಸಮೇತ ಮುಳ್ಳು ತುಂಬಿದ ಕುಸುಬಿಯೊಳಗೆ ನುಗ್ಗಿದ್ದಳಂತೆ. ತನ್ನನ್ನು ಸೈಕಲ್ ಮೇಲೆ ಕಂಡಾಗಲೆಲ್ಲ ನಗುತ್ತಿದ್ದ ಹೊಲದ ಗೌಡನೇ ಎಬ್ಬಿಸಲು ಓಡಿಬಂದರೆ, ನನ್ನ ಬಿಡ್ರಿ, ಮೊದಲು ಸೈಕಲ್ ಎತ್ರಿ ಎಂದಳಂತೆ. ಮುಗಿಯುವವರೆಗೆ ಒಬ್ಬ ಹೆಂಗಸೂ ಮೊರ ಅಲ್ಲಾಡಿಸಲಿಲ್ಲ. ಹತ್ತಾರು ಸಲ ಕೇಳಿದ್ದ ನಾನೂ ಬಾಯಿ ತೆರೆದುಕೊಂಡೇ ಕೂತಿದ್ದೆ. ಕೈಯಲ್ಲಿದ್ದ ಹಾಳೆ ನೋಡಿ ನಾಚಿಕೆಯಾಯಿತು.

ಮರುವರ್ಷ ಅದೇ ತಜ್ಞರು ಮುದ್ದೇಬಿಹಾಳದಲ್ಲಿ ಕಮ್ಮಟ ನಡೆಸಿದರು. ಮಾದರಿ ಎಂದು ಹೆಣದ ಕತೆ ಓದಲು ನನ್ನನ್ನು ಕರೆದರು. ನಾನು ಹೊಸದಾಗಿ ಬರೆದಿದ್ದ ಕುಸುಬಿ ಹೊಲದ ಕತೆ ಓದಿದೆ. ಅವರು ಮುಖ ಗಂಟು ಹಾಕಿ, ಆ ಹೆಣ ಎಲ್ಲಿ ಹೋಯಿತು ಎಂದು ಕೇಳಿದರು.

"ಆಕಿ ಜೀವಂತ ಅದಾಳ್ರಿ," ಎಂದೆ.

ಅವರು ಮುಂದಿನವರನ್ನು ಕರೆದರು. ನಾನು ಮಧ್ಯಾಹ್ನದ ಬಸ್ಸಿಗೇ ಸಿಂದಗಿಗೆ ಮರಳಿದೆ. ಅಂಥ ಕಮ್ಮಟಗಳ ಕಡೆ ಮತ್ತೆ ತಲೆ ಹಾಕಲಿಲ್ಲ.