ರೇಚಲ್ ಆಂಟಿಯ ಮನೆಯ ಅಕ್ಕಿ

ಸುಗುಣಾ, ಆ ಗುರುವಾರ ರೇಚಲ್ ಆಂಟಿಗೆ ಇಲ್ಲದ್ದನ್ನು ಹಿಂದಿಯಲ್ಲಿ ಹೇಳಿ ಅವರ ಮನಸ್ಸು ಮುರಿದವಳು ನೀನಲ್ಲ. ಹಾಗೆಂದು ಎಲ್ಲರನ್ನೂ ನಂಬಿಸಿದವಳು ನಾನು. ಸುಳ್ಳು ಎಂದು ಗೊತ್ತಿದ್ದೇ ಹೇಳಿದೆ. ಹೊಟ್ಟೆಕಿಚ್ಚಿನಿಂದ ಹೇಳಿದೆ — ಇದಕ್ಕಿಂತ ಮರ್ಯಾದೆಯ ಪದವೊಂದನ್ನು ಇಷ್ಟು ವರ್ಷ ಹುಡುಕಿದೆ, ಸಿಗಲಿಲ್ಲ.

ನಿನಗೆ ಗೊತ್ತಿರುವುದನ್ನೂ ಇಲ್ಲಿ ಮತ್ತೆ ಹೇಳುತ್ತೇನೆ. ನಿನ್ನೊಬ್ಬಳ ಕಿವಿಯಲ್ಲಿ ಹೇಳಿ ಮುಗಿಸಿದರೆ ಸಾಲದು, ಸುಳ್ಳನ್ನು ನಾನು ಮನೆತುಂಬ ಜನರ ಮುಂದೆ ಹೇಳಿದ್ದೆ.

ಎಲ್ಲ ಶುರುವಾದದ್ದು ಮೆಲ್ಬರ್ನಿನ ಕ್ಲೇಟನ್‌ನಲ್ಲಿ, ನಾವಿಬ್ಬರೂ ಒಂದೇ ಬಾಡಿಗೆ ರೂಮಿನಲ್ಲಿದ್ದ ದಿನಗಳಲ್ಲಿ. ನಾನು ಓದಲು ಬಂದದ್ದು ಐಟಿ. ಆದರೆ ಆಸೆಪಟ್ಟು ಧರ್ಮಗಳ ಇತಿಹಾಸದ ಒಂದು ಪೇಪರ್ ತೆಗೆದುಕೊಂಡಿದ್ದೆ. ಕ್ಲಾಸಿನಲ್ಲಿ ಕೇಳಿದ್ದನ್ನು ಬಸ್ಸಿನಲ್ಲಿ ನಿನಗೆ ಒಪ್ಪಿಸುತ್ತಿದ್ದೆ — ಮೊದಲ ಕ್ರೈಸ್ತರೆಲ್ಲ ಯೆಹೂದ್ಯರೇ ಆಗಿದ್ದರು, ಯೆಹೂದ್ಯರ ದೇವಾಲಯಕ್ಕೇ ಹೋಗುತ್ತಿದ್ದರು, ಬೇರೆಯಾಗುತ್ತೇವೆ ಎಂಬ ಯೋಚನೆಯೇ ಅವರಿಗಿರಲಿಲ್ಲ. ಅನ್ಯಜನರು, ಅಂದರೆ ಯೆಹೂದ್ಯರಲ್ಲದವರು, ಬಂದು ಸೇರಿದಾಗ ಸುನ್ನತಿಯ ಜಗಳ, ಊಟದ ಜಗಳ. ಆಮೇಲೆ ದೇವಾಲಯವೇ ಸುಟ್ಟುಹೋಯಿತು. ಒಂದು ಮನೆ ಎರಡಾಗುತ್ತಾ ಬಂತು, ಆದರೆ ನಡುವಿನ ಬಾಗಿಲು ಬಹುಕಾಲ ತೆರೆದೇ ಇತ್ತು. ಮೂರು ಶತಮಾನ ಕಳೆದ ಮೇಲೂ ಅಂತಿಯೋಕ್ಯ ಪಟ್ಟಣದ ಕ್ರೈಸ್ತರು ಯೆಹೂದ್ಯರ ಹಬ್ಬಕ್ಕೆ ಖುಷಿಯಿಂದ ಹೋಗುತ್ತಿದ್ದರು, ಸಭೆಯ ಬೋಧಕನೊಬ್ಬ ಪೀಠದ ಮೇಲೆ ನಿಂತು ಅವರನ್ನು ಬಾಯಿಗೆ ಬಂದಂತೆ ಬೈದ. ನೀನು ನಕ್ಕು ಕೇಳಿದ್ದೆ, "ಪಕ್ಕದ್ಮನೇಲಿ ಅಡುಗೆ ಚೆನ್ನಾಗಿದ್ರೆ ಜನ ಹೋಗ್ತಾರಪ್ಪ, ಇವನಿಗೇನಂತೆ?"

ಆ ಪ್ರಶ್ನೆ ನನ್ನ ಮೇಲೇ ತಿರುಗಿದ್ದು ಸಿಡ್ನಿಗೆ ಬಂದ ಮೇಲೆ.

ಇಲ್ಲೇ ನೆಲೆಸಲು ಪಿಆರ್ ಬಂತು, ಮದುವೆ, ಮನೆಸಾಲ. ನನ್ನದು ಸ್ಕೋಫೀಲ್ಡ್ಸ್, ನಿನ್ನದು ಅಲ್ಲೇ ಹತ್ತಿರ ದಿ ಪಾಂಡ್ಸ್. ಗುರುವಾರ ಸಂಜೆ ನಮ್ಮ ಮನೆಯಲ್ಲಿ ಕನ್ನಡ ಕ್ರೈಸ್ತರ ಸಣ್ಣ ಕೂಟ ನಡೆಯುತ್ತಿತ್ತು, ಪಾಠ ಹೇಳುವವಳು ನಾನು. ಎಲ್ಲರೂ "ಗ್ರೇಸಕ್ಕ, ಗ್ರೇಸಕ್ಕ" ಎನ್ನುತ್ತಿದ್ದರು. ಆ ಕರೆ ನನಗೆ ಎಷ್ಟು ಬೇಕಾಗಿತ್ತು ಎಂದು — ಅವರೆಲ್ಲ ಬೇರೆಯವರನ್ನು ಸುತ್ತಿಕೊಂಡು ಕೂರುವುದನ್ನು ನೋಡುವವರೆಗೂ ಗೊತ್ತಿರಲಿಲ್ಲ.

ರೇಚಲ್ ಆಂಟಿ ನಿನ್ನ ಪಕ್ಕದ ಮನೆಯವರು. ಮುಂಬೈಯಲ್ಲಿ ಹುಟ್ಟಿ ಬೆಳೆದ ಯೆಹೂದ್ಯ ಮುದುಕಿ, ಹಿರಿಯರು ಬಾಗ್ದಾದಿನ ಕಡೆಯವರು. ನಿನ್ನ ಹತ್ತಿರ ಹಿಂದಿಯಲ್ಲೇ ಮಾತು. ಯೆಹೂದ್ಯರ ಪಸ್ಕಹಬ್ಬ ಬಂದರೆ ಅವರು ಹುಳಿಹಿಟ್ಟನ್ನು ಮನೆಯಲ್ಲೇ ಇಟ್ಟುಕೊಳ್ಳುವುದಿಲ್ಲ ಎಂದು ಸಂಡೇ ಸ್ಕೂಲಿನಲ್ಲಿ ಕಲಿತದ್ದು ನಿನಗೆ ನೆನಪಾಯಿತು. ಹಬ್ಬದ ಹೊತ್ತಿಗೆ ಆಂಟಿ ನಿನ್ನ ಮನೆಗೆ ಬರುತ್ತೇನೆ ಎಂದಾಗ ನೀನು ಫ್ರಿಡ್ಜಿನಲ್ಲಿದ್ದ ದೋಸೆಹಿಟ್ಟನ್ನು — ಉಬ್ಬಿ ಹುಳಿ ಬಂದಿದೆಯಲ್ಲ! — ಚೆಲ್ಲಿಬಿಟ್ಟೆ. ನಮ್ಮವರಲ್ಲದೆ ಇನ್ಯಾರು ಮಾಡಿಯಾರು ಈ ತಪ್ಪನ್ನು? ಆಂಟಿ ನಕ್ಕು ನಕ್ಕು ಸುಸ್ತಾದರಂತೆ. "ಅರೇ ಬೇಟಾ, ಚಾವಲ್ ತೋ ಹಮ್ ಖಾತೇ ಹೈಂ" — ಅಕ್ಕಿ ನಾವು ತಿನ್ನುತ್ತೇವಲ್ಲ, ಎಂದರಂತೆ. ಅವರಿಗೆ ಬೇಡದ್ದು ಗೋಧಿ, ಬಾರ್ಲಿಯಂಥ ಕಾಳಿನ ಹುಳಿ. ಅಕ್ಕಿ ಅವರ ಮನೆತನದಲ್ಲಿ ನಡೆಯುತ್ತದೆ. ಆದರೆ ಅದರಲ್ಲಿ ಒಂದು ಗೋಧಿಕಾಳೂ ಸೇರಿರಬಾರದು, ಅದಕ್ಕೇ ಹಬ್ಬದ ಅಕ್ಕಿಯನ್ನು ಮೂರು ಸಲ ಆರಿಸುತ್ತಾರೆ.

ಮರುವರ್ಷ ಹಬ್ಬಕ್ಕೆ ಮುಂಚಿನ ಗುರುವಾರ ನನ್ನ ಮನೆಗೆ ಪಾಠಕ್ಕೆ ಬಂದವರು ಇಬ್ಬರು ಗಂಡಸರು, ಅವರೂ ಫೋನು ನೋಡುತ್ತಾ ಕೂತಿದ್ದರು. ಹೆಂಗಸರೆಲ್ಲ ಎಲ್ಲಿ ಎಂದು ಕಾರು ತೆಗೆದುಕೊಂಡು ನಿನ್ನ ಮನೆ ಕಡೆ ಬಂದೆ. ಆಂಟಿಯ ಗರಾಜ್ ಬಾಗಿಲು ತೆರೆದಿತ್ತು. ನೆಲದ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಅಕ್ಕಿ, ಸುತ್ತ ನಮ್ಮ ಕೂಟದ ಹೆಂಗಸರು ಕಾಲು ಚಾಚಿಕೊಂಡು ಆರಿಸುತ್ತಿದ್ದರು, ಊರಿನ ಮದುವೆಮನೆಯಲ್ಲಿ ಕೂತ ಹಾಗೆ. ಆಂಟಿ ತಮ್ಮ ಅಜ್ಜಿಯ ಕಾಲದ ಕಥೆ ಹೇಳುತ್ತಿದ್ದರು, ನೀನು ಕನ್ನಡಕ್ಕೆ ತಿರುಗಿಸುತ್ತಿದ್ದೆ. ಯಾರೋ ಕೂಗಿದರು, "ಬನ್ನಿ ಗ್ರೇಸಕ್ಕ, ಕೂತ್ಕೊಳ್ಳಿ. ಪಾಠಕ್ಕಿಂತ ಇದೇ ಚೆನ್ನಾಗಿದೆ!"

ತಮಾಷೆಗೆ ಹೇಳಿದ ಮಾತು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ನಿನ್ನನ್ನೇ ನೋಡುತ್ತಾ ಅಂದುಕೊಂಡೆ, ಇವಳಿಗೆ ಇದನ್ನೆಲ್ಲ ಕಲಿಸಿದವಳು ನಾನು — ಬಸ್ಸಿನಲ್ಲಿ, ನನ್ನ ಬಾಯಿಂದ ಕೇಳಿದವಳು — ಈಗ ಜನ ಇವಳ ಸುತ್ತ. ಕೂರಲಿಲ್ಲ. ತಲೆನೋವು ಎಂದು ಹೇಳಿ ಹೊರಟೆ.

ಮುಂದಿನ ಗುರುವಾರ ನಮಗೆ ಪ್ರಭುಭೋಜನದ, ಸ್ವಾಮಿಯ ಕೊನೆಯ ಊಟದ, ನೆನಪಿನ ಸಂಜೆ. ನೀನು ಆಂಟಿಯನ್ನೂ ಕರೆತಂದೆ. ಅವರು ಒಂದು ತಟ್ಟೆ ದ್ರಾಕ್ಷಿ ಹಿಡಿದು ಮೂಲೆಯ ಸೋಫಾದಲ್ಲಿ ನಗುತ್ತಾ ಕೂತರು. ಎದ್ದು ನಿಂತು ನಾನು ಹೇಳಿದೆ:

"ಯೆಹೂದ್ಯರಿಗೂ ನಮಗೂ ಮೊದಲ ದಿನವೇ ಸಂಬಂಧ ಹರಿದುಹೋಯಿತು. ಹರಿದವರು ಯೆಹೂದ್ಯರೇ. ಸ್ವಾಮಿಯನ್ನು ಕೊಲ್ಲಿಸಿದವರ ಹಬ್ಬದಲ್ಲಿ ನಮಗೇನು ಕೆಲಸ?"

ಒಂದೊಂದೂ ಸುಳ್ಳು. ಸುಳ್ಳೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೆ, ಮತ್ತೆ ನಾನೇ ಕಲಿಸಿದ್ದರಿಂದ ನಿನಗೆ. ನೀನು ನನ್ನನ್ನೇ ನೋಡಿದೆ. "ನೀನೇ ಹೇಳಿದ್ದೆಯಲ್ಲ ಗ್ರೇಸ್" ಎನ್ನಬಹುದಿತ್ತು, ಅನ್ನಲಿಲ್ಲ. ಆಂಟಿಗೆ ಕನ್ನಡ ಬಾರದು ನಿಜ. ಆದರೆ ಯೆಹೂದ್ಯ ಎಂಬ ಪದ ಹಿಂದಿಯಲ್ಲೂ ಹೆಚ್ಚುಕಡಿಮೆ ಅದೇ, ಯಹೂದಿ — ಅದು ನನಗೆ ಗೊತ್ತಿತ್ತು, ಗೊತ್ತಿದ್ದೇ ಆ ಪದವನ್ನು ಒತ್ತಿ ಒತ್ತಿ ಹೇಳಿದೆ. ನನ್ನ ದನಿಯೂ ಅವರಿಗೆ ಅರ್ಥವಾಗಿರಬೇಕು. ನಿನ್ನ ಕಡೆ ಬಗ್ಗಿ ಏನೋ ಕೇಳಿದರು, ನೀನೂ ಏನೋ ಹೇಳಿದೆ. ಅವರು ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು ಎದ್ದರು. ನೀನು ಅವರನ್ನು ಮನೆಗೆ ಬಿಡಲು ಹೋದೆ.

ನೀನು ಹೋದ ಮೇಲೆ ಎಲ್ಲರೂ ಕೇಳಿದರು, ಆಂಟಿ ಯಾಕೆ ಹೊರಟರು? ಆಗಲಾದರೂ ನಿಜ ಹೇಳಬಹುದಿತ್ತು — ನಾಲಿಗೆಗೆ ತಡೆಯಿರಲಿಲ್ಲ. "ನಾನು ಹೇಳಿದ್ದು ಚರಿತ್ರೆ. ಸುಗುಣ ಅದನ್ನ ಹಿಂದೀಲಿ ಏನೇನೋ ಮಾಡಿ ಹೇಳಿದ್ಲು. ಬೇಕಂತಲೇ ಚುಚ್ಚಿಕೊಟ್ಟಿದ್ದಾಳೆ" ಎಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮಾತು ಹಬ್ಬಿತು. ನಿನ್ನನ್ನು ಕೂಟಕ್ಕೆ ಕರೆಯುವುದನ್ನು ಬಿಟ್ಟರು, ನಿನ್ನ ಫೋನು ತೆಗೆಯುವುದನ್ನೂ ಬಿಟ್ಟರು. ಆ ವರ್ಷವೇ ನೀನು ಮನೆ ಮಾರಿ ಕ್ಲೇಟನ್‌ಗೆ ವಾಪಸು ಹೋದೆ. ಗಂಡನ ಕೆಲಸದ ಸಲುವಾಗಿ ಎಂದರು. ನಾನೂ ಹಾಗೆಯೇ ನಂಬಿದಂತೆ ತಲೆಯಾಡಿಸಿದೆ.

ಕಳೆದ ವಾರ ಅಂಗಡಿಯಲ್ಲಿ ರೇಚಲ್ ಆಂಟಿ ಸಿಕ್ಕರು. ಈಗ ವಾಕರ್ ಹಿಡಿದು ನಡೆಯುತ್ತಾರೆ. ನಾನು ಮುಖ ತಿರುಗಿಸಿದೆ, ಅವರೇ ಕರೆದರು. ಸುಗುಣ ಹೇಗಿದ್ದಾಳೆ ಎಂದು ಕೇಳಿದರು, ಗೊತ್ತಿಲ್ಲ ಎಂದೆ. ಆಮೇಲೆ, ಮನಸ್ಸಿನಲ್ಲಿ ಒಂಚೂರೂ ಕಹಿಯಿಲ್ಲದೆ, ಹಿಂದಿಯಲ್ಲಿ ಅಂದರು: "ಆ ದಿನ ನೀನೇನು ಹೇಳಿದೆ ಅಂತ ಅವಳನ್ನ ಕೇಳಿದೆ. ಗ್ರೇಸ್‌ಗೆ ಇವತ್ತು ಮನಸ್ಸು ಸರಿಯಿಲ್ಲ ಆಂಟಿ, ನಿಮ್ಮ ಜನರ ಬಗ್ಗೆ ನನಗೆ ಗೊತ್ತಿರೋ ಒಳ್ಳೇದೆಲ್ಲ ಅವಳೇ ಕಲಿಸಿದ್ದು ಅಂದ್ಲು."

ನಾನು ನಿನ್ನ ಮೇಲೆ ಸುಳ್ಳು ಹೊರಿಸಲು ಬಾಯಿ ತೆರೆಯುವ ಮೊದಲೇ ನೀನು ನನ್ನನ್ನು ಕಾಪಾಡಿ ಮುಗಿಸಿದ್ದೆ. ಅಲ್ಲೇ ನಿಂತಾಗ ನನಗೆ ಮೊದಲು ಏನನ್ನಿಸಿತು ಗೊತ್ತಾ? ಪಶ್ಚಾತ್ತಾಪವಲ್ಲ. ಹೊಟ್ಟೆಕಿಚ್ಚೇ — ಒಳ್ಳೆಯತನದಲ್ಲೂ ಇವಳೇ ಮುಂದೆ ಎಂದು. ನಾಚಿಕೆ ಬಂದದ್ದು ಕಾರಿಗೆ ಬಂದು ಕೂತ ಮೇಲೆ.

ಅಂತಿಯೋಕ್ಯದ ಆ ಬೋಧಕನಿಗೇನಾಗಿತ್ತು ಎಂದು ಕೇಳಿದ್ದೆಯಲ್ಲ, ಅವನ ಮನಸ್ಸು ನನಗೆ ಗೊತ್ತಿಲ್ಲ. ನನಗೇನಾಗಿತ್ತೋ ಅದನ್ನು ಹೇಳಿದ್ದೇನೆ. ಈ ಗುರುವಾರ ಅದೇ ಪಾಠವನ್ನು ಮತ್ತೆ ಹೇಳುತ್ತೇನೆ, ಕ್ಲೇಟನ್ ಬಸ್ಸಿನಲ್ಲಿ ನಿನಗೆ ಹೇಳಿದ ಹಾಗೆ. ಕೊನೆಯಲ್ಲಿ ನಿನ್ನ ಹೆಸರು ಹೇಳಿ, ನಾನು ಮಾಡಿದ್ದನ್ನೂ ಹೇಳುತ್ತೇನೆ. ಆಮೇಲೆ ಯಾರೂ ನನ್ನನ್ನು ಅಕ್ಕ ಎನ್ನದಿದ್ದರೆ ಅನ್ನದಿರಲಿ.