ಗುಮಾಸ್ತ ಮುರುಗೇಶಪ್ಪ ಕಟ್ಟಿದ ಕೇಸು

ಮುರುಗೇಶಪ್ಪನವರನ್ನು ನಾನು ಮೊದಲು ನೋಡಿದ್ದು ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ. ನನ್ನ ಗಂಡನ ಅಕ್ಕ ಹೂವಮ್ಮನ ಬಲಗೈ ಮೇಲೆ ಲಾರಿ ಹರಿದು, ಆಪರೇಷನ್ ಆಗಿ ಒಂದು ದಿನ ಕಳೆದಿತ್ತು, ಅಷ್ಟೆ. ನಮ್ಮ ನೆಂಟರಲ್ಲೇ ಅರ್ಧ ಜನಕ್ಕೆ ಸುದ್ದಿ ಮುಟ್ಟಿರಲಿಲ್ಲ, ಇವರಿಗೆ ಮುಟ್ಟಿತ್ತು. ಬಿಳಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ರೆಕ್ಸಿನ್ ಬ್ಯಾಗು, ಕೈಯಲ್ಲಿ ಒಂದು ಡಜನ್ ಪಚ್ಚಬಾಳೆ. ಹಣ್ಣನ್ನು ಸ್ಟೂಲಿನ ಮೇಲಿಟ್ಟು, "ಏನೂ ಹೆದರ್ಕೋಬೇಡ ತಾಯಿ, ನಾನಿದ್ದೀನಿ" ಎಂದರು. ಅವರು ಯಾರೆಂದೇ ಹೂವಕ್ಕನಿಗೆ ಗೊತ್ತಿರಲಿಲ್ಲ. ಇಂಜೆಕ್ಷನ್ನಿನ ಮಂಪರಿನಲ್ಲಿ, ಯಾರೋ ಅಪ್ಪನ ಕಡೆಯ ನೆಂಟರಿರಬೇಕು ಎಂದುಕೊಂಡು ಕೈಮುಗಿಯಲು ಹೋದಳು, ಕೈ ಮೇಲೇಳಲಿಲ್ಲ. ಐದು ನಿಮಿಷದಲ್ಲಿ ಬ್ಯಾಗಿನಿಂದ ವಕಾಲತ್ತಿನ ಕಾಗದ ಹೊರಬಂತು, ಇಂಕ್ ಪ್ಯಾಡ್ ಹೊರಬಂತು, ಹೂವಕ್ಕನ ಎಡಗೈ ಹೆಬ್ಬೆಟ್ಟು ಮೂರು ಕಡೆ ಬಿತ್ತು. ಎಸ್ಸೆಸ್ಸೆಲ್ಸಿ ಪಾಸಾದ ಹೆಂಗಸು ಹೆಬ್ಬೆಟ್ಟೊತ್ತಿದ್ದು ಅವತ್ತೇ ಮೊದಲು. ತಂದ ಬಾಳೆ ಹಣ್ಣಾಗಲು ಇನ್ನು ನಾಲ್ಕು ದಿನ ಬೇಕಿತ್ತು.

ಮುರುಗೇಶಪ್ಪ ವಕೀಲರಲ್ಲ. ಶಿವಮೊಗ್ಗದಲ್ಲಿ ಹೆಸರು ಮಾಡಿದ್ದ ಒಬ್ಬ ಹಳೇ ವಕೀಲರ ಬಳಿ ಇಪ್ಪತ್ತಾರು ವರ್ಷದ ಹಿಂದೆ ಟೈಪಿಂಗಿಗೆ ಸೇರಿ ಗುಮಾಸ್ತರಾದವರು. ಊರು ಭದ್ರಾವತಿ, ಈಗ ಮನೆ ಶಿವಮೊಗ್ಗದಲ್ಲೇ, ರಾಗಿಗುಡ್ಡದ ಕಡೆ. ಆ ವಕೀಲರು ತೀರಿಕೊಂಡ ಮೇಲೆ ಆಫೀಸು ಅವರ ಮಗಳು ಪ್ರಿಯಂವದಾ ಮೇಡಂಗೆ ಬಂತು. ಬಂದದ್ದು ತಮಗೇ ಎನ್ನುವಂತೆ ಮುರುಗೇಶಪ್ಪ ಓಡಾಡುತ್ತಾರೆ. ಸತ್ತ ವಕೀಲರ ಸ್ಕೂಟರಿಗೆ ಅಂಟಿಸಿದ್ದ 'ಅಡ್ವೊಕೇಟ್' ಚೀಟಿಯನ್ನು ಹುಷಾರಾಗಿ ಬಿಡಿಸಿ ತಮ್ಮ ಬೈಕಿಗೆ ಹಚ್ಚಿಕೊಂಡಿದ್ದಾರೆ. ಭದ್ರಾವತಿಯಲ್ಲಿ ಜನ 'ಲಾಯರ್ ಮುರುಗೇಶಣ್ಣ' ಎಂದು ಕರೆದರೆ ತಿದ್ದುವುದಿಲ್ಲ, ತಲೆ ಮಾತ್ರ ಸ್ವಲ್ಪ ಬಾಗಿಸುತ್ತಾರೆ, ವಿನಯಕ್ಕೆ.

ಲಾರಿ ಆಕ್ಸಿಡೆಂಟಿನ ಪರಿಹಾರದ ಕೇಸುಗಳಲ್ಲಿ ವಕೀಲರು ಕಾಣಿಸುವುದು ಕೋರ್ಟಿನಲ್ಲಿ ಹತ್ತು ನಿಮಿಷ. ಉಳಿದ ಎರಡು ಮೂರು ವರ್ಷ ಗುಮಾಸ್ತರದೇ. ಪೊಲೀಸ್ ಸ್ಟೇಷನ್ನಿನ ಕಾಗದ ತರುವುದು, ಲಾರಿಗೆ ಇನ್ಶೂರೆನ್ಸ್ ಇತ್ತೋ ಇಲ್ಲವೋ ಹುಡುಕುವುದು, ಕೈ ಎಷ್ಟು ಊನವಾಗಿದೆ ಎಂದು ಡಾಕ್ಟರಿಂದ ಬರೆಸುವುದು, ಸಾಕ್ಷಿಗಳನ್ನು ತಯಾರು ಮಾಡುವುದು. ಒಂದು ಮಾತು ಒಪ್ಪಿಕೊಳ್ಳಬೇಕು. ಯಾವ ಫೈಲು ಯಾವ ಮೇಜಿನ ಕೆಳಗೆ ಮಲಗಿದೆ ಎಂದು ಮುರುಗೇಶಪ್ಪನವರಿಗೆ ಗೊತ್ತು. ಬೇರೆಯವರು ಮೂರು ತಿಂಗಳು ಅಲೆದರೂ ಸಿಗದ ಲಾರಿಯ ದಾಖಲೆ ಅವರು ಮೂರು ದಿನದಲ್ಲಿ ತಂದರು. ಇದನ್ನು ಅವತ್ತೇ ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಅವರ ಬಗ್ಗೆ ಬರೆದ ಒಳ್ಳೆಯ ಸಾಲು ಅದೊಂದೇ.

ಹೂವಕ್ಕನ ಕೆಲಸ ಬಾಣಂತಿ ಸ್ನಾನ. ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ನಮ್ಮ ಮನೆ. ಅಲ್ಲಿಂದ ಭದ್ರಾವತಿಯವರೆಗೆ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಕರೆ ಬರುತ್ತಿತ್ತು. ಕಾಲು ಚಾಚಿ ಕೂತು, ಮಗುವನ್ನು ಕಾಲಿನ ಮೇಲೆ ಬೋರಲು ಮಲಗಿಸಿಕೊಂಡು, ಎಣ್ಣೆ ನೀವಿ, ಬಿಸಿನೀರು ಹೊಯ್ಯುವಾಗ ಅವಳ ಬಲಗೈ ಚೊಂಬನ್ನು ತಿರುಗಿಸುತ್ತಿದ್ದ ರೀತಿಗೆ ನನ್ನ ಮಗಳು ಅಳುವುದನ್ನೇ ಮರೆಯುತ್ತಿದ್ದಳು. ನೀರು ಮಗುವಿನ ಮುಖದ ಮೇಲೆ ಒಂದು ಹನಿಯೂ ಬೀಳುತ್ತಿರಲಿಲ್ಲ. ನಾನು ಎಷ್ಟು ಸಲ ಪ್ರಯತ್ನಿಸಿದರೂ ನನ್ನ ಕೈಗೆ ಅದು ಬರಲಿಲ್ಲ.

ಮುರುಗೇಶಪ್ಪ ಅರ್ಜಿಯಲ್ಲಿ ಅವಳ ಉದ್ಯೋಗ 'ಕೂಲಿ' ಎಂದು ಬರೆದರು.

"ಕೂಲಿ ಯಾಕೆ ಬರೆದ್ರಿ?" ಎಂದು ಹೂವಕ್ಕ ಕೇಳಿದಳು.

"ನೋಡಮ್ಮ, ನಮ್ಮಲ್ಲಿ ಹೆಂಗಸರಿಗೆ ಎರಡೇ. ಟೈಲರಿಂಗು, ಇಲ್ಲ ಕೂಲಿ. ನಿನ್ ಕೈಯಲ್ಲಿ ಸೂಜಿ ಚುಚ್ಚಿದ ಗುರುತಿಲ್ಲ. ಬಾಣಂತಿ ಸ್ನಾನ ಅಂತ ಬರೆದ್ರೆ ಜಡ್ಜು ನಗ್ತಾರೆ."

"ಜಡ್ಜಿಗೂ ಯಾರೋ ನೀರು ಹಾಕಿರ್ತಾರಲ್ಲ."

"ನಿನ್ ಬಾಯಿ ಚೆನ್ನಾಗಿದೆ ಮಾರಾಯ್ತಿ. ಕೋರ್ಟಲ್ಲಿ ಮಾತ್ರ ತೆಗೀಬೇಡ," ಎಂದು ಬ್ಯಾಗಿನ ಜಿಪ್ಪು ಎಳೆದರು.

ಆಕ್ಸಿಡೆಂಟು ನಡೆದದ್ದು ಹೀಗೆ. ಅವತ್ತು ಭದ್ರಾವತಿಯ ಒಂದು ಮನೆಯಲ್ಲಿ ಮಗುವಿಗೆ ಹನ್ನೊಂದನೇ ದಿನದ ನೀರು. ಬಸ್ಸು ತಪ್ಪಿತೆಂದು ನನ್ನ ಗಂಡ ಹಾಲೇಶ್ ಅಕ್ಕನನ್ನು ಬೈಕಿನಲ್ಲಿ ಕರೆದುಕೊಂಡು ಹೊರಟರು. ಮಾಚೇನಹಳ್ಳಿ ದಾಟಿದ ಮೇಲೆ ಜಲ್ಲಿ ತುಂಬಿದ ಲಾರಿಯೊಂದು ಓವರ್‌ಟೇಕ್ ಮಾಡುತ್ತಾ ಹಿಂಬದಿಯಿಂದ ಇವರನ್ನು ಉಜ್ಜಿಕೊಂಡು ಹೋಯಿತು. ಹೂವಕ್ಕ ಬಲಕ್ಕೆ ಬಿದ್ದಳು, ಲಾರಿಯ ಹಿಂದಿನ ಚಕ್ರ ಅವಳ ಮಣಿಕಟ್ಟಿನ ಮೇಲೆ ಹಾದುಹೋಯಿತು. ಹಾಲೇಶ್‌ಗೆ ತಲೆಗೆ ಪೆಟ್ಟು, ಆದರೂ ಲಾರಿ ನಂಬರ್ ನೋಡಿಟ್ಟುಕೊಂಡರು.

ಸುದ್ದಿ ತಿಳಿದು ನಮ್ಮತ್ತೆ ಮಾಸ್ತಮ್ಮ ಎಲ್ಲರಿಗಿಂತ ಮೊದಲು ಆಸ್ಪತ್ರೆ ಮುಟ್ಟಿದ್ದರು. ಮಗನಿಗೆ ಒಳಗೆ ಹೊಲಿಗೆ ಹಾಕುತ್ತಿದ್ದರು, ಮಗಳಿಗೆ ಪ್ರಜ್ಞೆ ಇರಲಿಲ್ಲ. ಏನಾಯ್ತು ಎಂದು ಕೌಂಟರಿನವರು ಕೇಳಿದ್ದು ಅತ್ತೆಯನ್ನು. ಹಾಲೇಶ್ ಲೈಸೆನ್ಸಿನ ಅವಧಿ ಮುಗಿದು ಐದು ತಿಂಗಳಾಗಿತ್ತು. ಪೊಲೀಸ್ ಬಂದರೆ ಮಗನನ್ನು ಹಿಡಿಯುತ್ತಾರೆ ಎಂಬ ಒಂದೇ ಯೋಚನೆ ಅತ್ತೆಗೆ. "ಬೈಕು ಜಾರಿ ಬಿದ್ರು ಸಾರ್" ಎಂದುಬಿಟ್ಟರು. ನಮ್ಮ ಕಡೆ ಇದು ಹೊಸದೇನಲ್ಲ, ಪೊಲೀಸ್ ಬೇಡ ಎಂದರೆ ಜಾರಿ ಬಿದ್ದದ್ದು. ಕೌಂಟರಿನವರು ಹಾಗೆಯೇ ಬರೆದುಕೊಂಡರು.

ಮರುದಿನವೇ ಸತ್ಯ ಹೇಳಿ ದೂರು ಕೊಡಬಹುದಿತ್ತು. ಆದರೆ ಮುರುಗೇಶಪ್ಪ, "ಕಂಪ್ಲೇಂಟು ನಾನೇ ಬರೆದುಕೊಡ್ತೀನಿ, ಯಾರೂ ಕೈ ಹಾಕ್ಬೇಡಿ, ಹಾಳ್ ಮಾಡ್ತೀರಿ" ಎಂದಿದ್ದರಲ್ಲ. ಅವರು ಬರೆದುಕೊಟ್ಟದ್ದು ಎಂಟನೇ ದಿನ. ನಡುವೆ ಅವರಿಗೆ ಇನ್ನೆರಡು ಮುರಿದ ಕೈ, ಒಂದು ಕಾಲು ಸಿಕ್ಕಿದ್ದವಂತೆ.

ವಿಮೆ ಕಂಪನಿಯವರಿಗೆ ಇಷ್ಟೇ ಸಾಕಾಯಿತು. ಆಸ್ಪತ್ರೆಯ ದಾಖಲೆಯಲ್ಲಿ ಲಾರಿಯ ಹೆಸರಿಲ್ಲ, ಜಾರಿ ಬಿದ್ದಿದ್ದಾರೆ, ಎಂಟು ದಿನ ಕೂತು ಕಥೆ ಕಟ್ಟಿ ಯಾವುದೋ ಲಾರಿ ತಂದು ನಿಲ್ಲಿಸಿದ್ದಾರೆ ಎಂದು ವಾದ ಹಾಕಿದರು. ಅದು ನಿಂತರೆ ಹೂವಕ್ಕನಿಗೆ ಒಂದು ಪೈಸೆಯೂ ಇಲ್ಲ. ಮಣಿಕಟ್ಟು ತಿರುಗದ ಹೆಂಗಸು ಮುಂದಿನ ಬದುಕಿಗೆಲ್ಲ ನೆಚ್ಚಿಕೊಂಡಿದ್ದು ಆ ಅರ್ಜಿಯೊಂದನ್ನೇ.

ಆಸ್ಪತ್ರೆಯ ಸರ್ಟಿಫಿಕೇಟು ಕೈಗೆ ಬಂದ ದಿನ ಮುರುಗೇಶಪ್ಪ ಮನೆಗೆ ಬಂದರು. ಯಾರು ಹೀಗೆ ಹೇಳಿದ್ದು ಎಂದಾಗ ಅತ್ತೆ ಒಪ್ಪಿಕೊಂಡರು.

"ಆಯ್ತು. ಇದು ಇಲ್ಲಿಗೇ ಮುಗೀಲಿ," ಎಂದರು ಮುರುಗೇಶಪ್ಪ. "ಆಸ್ಪತ್ರೇಲಿ ಸುಳ್ಳು ಹೇಳ್ದೆ ಅಂತ ಕೋರ್ಟಲ್ಲಿ ಒಪ್ಕೊಂಡ್ರೆ ನಿಮ್ಮನ್ನೇ ಒಳಗೆ ಹಾಕ್ತಾರೆ ಅಜ್ಜಿ. ಮಗನ ಲೈಸೆನ್ಸೂ ಹೊರಗೆ ಬರುತ್ತೆ, ಕೇಸೂ ಬಿತ್ತು. ಮೇಡಂ ಹತ್ರಾನೂ ಬಾಯಿ ಬಿಡ್ಬೇಡಿ. ಅವ್ರಿಗೆ ಕಾನೂನು ಗೊತ್ತು, ಕೋರ್ಟು ಗೊತ್ತಿಲ್ಲ."

ಬಾಯಿ ಬಿಡಲು ಮೇಡಂ ಸಿಕ್ಕಿದ್ದಾದರೂ ಯಾವಾಗ? ಆ ಆಫೀಸಿನ ಪದ್ಧತಿಯೇ ಹಾಗೆ. ಕಕ್ಷಿದಾರರು ಹೊರಗಿನ ಬೆಂಚಿನ ಮೇಲೆ, ಮೇಡಂ ಒಳಗಿನ ಕೋಣೆಯಲ್ಲಿ, ನಡುವಿನ ಬಾಗಿಲಲ್ಲಿ ಮುರುಗೇಶಪ್ಪ. ನಮ್ಮ ಮಾತು ಅವರ ಬಾಯಿಂದ ಒಳಗೆ, ಮೇಡಂ ಮಾತು ಅವರ ಬಾಯಿಂದಲೇ ಹೊರಗೆ. ಎರಡು ವರ್ಷದಲ್ಲಿ ಹೂವಕ್ಕ ಮೇಡಂ ಮುಖವನ್ನು ಸರಿಯಾಗಿ ನೋಡಿದ್ದು ತಾನು ಸಾಕ್ಷಿ ಹೇಳಿದ ದಿನ ಮಾತ್ರ. ಅವತ್ತೂ ಅವಳಿಗೆ ಬಾಯಿಪಾಠವಾಗಿದ್ದು 'ಅತಿವೇಗ ಮತ್ತು ಅಜಾಗರೂಕತೆಯಿಂದ' ಎನ್ನುವ ಮುರುಗೇಶಪ್ಪನವರ ಮಾತು. ಹಾಲೇಶ್ ಕೂಡ ಸಾಕ್ಷಿ ಹೇಳಿದರು. ಬೈಕ್ ಓಡಿಸಿದವನು ತನ್ನ ತಪ್ಪು ಮುಚ್ಚಲು ಹೀಗೇ ಹೇಳುತ್ತಾನೆ ಎಂದು ಎದುರಿನ ವಕೀಲರು ಪಾಟೀಸವಾಲಿನಲ್ಲಿ ಅವರನ್ನು ಸುಲಿದು ಹಾಕಿದರು.

ಆಗ ಮುರುಗೇಶಪ್ಪ ವೀರಪ್ಪನನ್ನು ತಂದರು.

ವೀರಪ್ಪ ಕಣ್ಣಾರೆ ಕಂಡ ಸಾಕ್ಷಿ. ಅದೇ ಅವನ ಕಸುಬು. ಆಕ್ಸಿಡೆಂಟ್ ಎಲ್ಲೇ ಆಗಲಿ, ಅವನು ಪಕ್ಕದ ಹೊಲಕ್ಕೆ ನೀರು ಕಟ್ಟಲು ಹೋಗಿರುತ್ತಾನೆ. ಆಫೀಸಿನ ಬೆಂಚಿನ ಮೇಲೆ ಅವನಿಗೆ ಪಾಠ ನಡೆಯುತ್ತಿದ್ದಾಗ ನಾನೂ ಹೂವಕ್ಕನೂ ಎದುರಿಗೇ ಕೂತಿದ್ದೆವು. ಮಗಳು ನನ್ನ ಮಡಿಲಲ್ಲಿ ಬಿಸ್ಕತ್ತು ತಿನ್ನುತ್ತಿದ್ದಳು.

"ಲಾರಿ ಬಣ್ಣ ಯಾವ್ದಣ್ಣ?" ಎಂದ ವೀರಪ್ಪ.

"ಕಿತ್ತಳೆ."

"ಅಮ್ಮಾರು ಯಾವ ಕಡೆ ಬಿದ್ರು?"

"ಬಲಗಡೆ. ನೀನೇ ಎತ್ತಿ ನೀರು ಕುಡಿಸ್ದೆ ಅನ್ನು."

ಅವನು ಹೂವಕ್ಕನ ಕಡೆ ತಿರುಗಿ, "ಅಮ್ಮಾರು ಇವ್ರೇನಾ?" ಎಂದು ಕೇಳಿದ.

"ಸರಿಯಾಗಿ ನೋಡ್ಕೊಳಪ್ಪ," ಎಂದಳು ಹೂವಕ್ಕ. "ನೀರು ಕುಡಿಸಿದ್ದು ಮರ್ತುಬಿಟ್ಟೀಯ."

ಮುರುಗೇಶಪ್ಪ ನಗಲಿಲ್ಲ. ಇಪ್ಪತ್ತಾರು ವರ್ಷದ ಅನುಭವ ಎನ್ನುತ್ತಾರಲ್ಲ, ಅದು ಇದು. ಹೇಳಿದ ಸುಳ್ಳನ್ನು ಸರಿಪಡಿಸಲು ಮುದುಕಿಯೊಬ್ಬಳಿಗೆ ಧೈರ್ಯ ಹೇಳಬೇಕು, ಮೇಡಂಗೆ ವಿಷಯ ತಿಳಿಸಬೇಕು, ಹೊಸದಾಗಿ ಅರ್ಜಿ ಹಾಕಬೇಕು. ಅಷ್ಟು ಕೆಲಸ ಯಾರಿಗೆ ಬೇಕು? ವೀರಪ್ಪ ತಯಾರಿದ್ದ.

ಸಾಕ್ಷಿಯ ದಿನ ಕೋರ್ಟಿನ ವರಾಂಡದಲ್ಲಿ ನಿಂತಿದ್ದೆವು. ಅತ್ತೆಯೂ ಬಂದಿದ್ದರು. ವಿಮೆ ಕಂಪನಿಯ ವಕೀಲರು ಗೌನು ಸರಿಮಾಡಿಕೊಳ್ಳುತ್ತಾ ನಮ್ಮನ್ನು ದಾಟಿ ಹೋಗುತ್ತಿದ್ದವರು ನಿಂತರು. ಕೋಪವಿಲ್ಲ, ಬಹಳ ವಿಶ್ವಾಸದಿಂದ ಕೇಳಿದರು.

"ಓ, ವೀರಪ್ಪನೋರು. ಜಮೀನು ಈ ಸಲ ಯಾವ ರೋಡಿಗೆ ಬಂತು? ಹೋದ ತಿಂಗಳು ಶಿಕಾರಿಪುರದ ಕಡೆ ಇತ್ತು."

ವೀರಪ್ಪ ಹಲ್ಲು ಬಿಟ್ಟು ನಮಸ್ಕಾರ ಮಾಡಿದ. ಮುರುಗೇಶಪ್ಪ ಬ್ಯಾಗಿನೊಳಗೆ ಏನೋ ಹುಡುಕತೊಡಗಿದರು. ಅಷ್ಟರಲ್ಲಿ ಪ್ರಿಯಂವದಾ ಮೇಡಂ ಮೆಟ್ಟಿಲು ಹತ್ತಿ ಬಂದರು. ಹೂವಕ್ಕ ನೇರ ಅವರ ಮುಂದೆ ಹೋಗಿ ನಿಂತಳು.

"ಮೇಡಂ, ಈ ಮನುಷ್ಯನ್ನ ನಾನು ಇವತ್ತಿಗೆ ಎರಡನೇ ಸಲ ನೋಡ್ತಿರೋದು. ಮೊದಲ್ನೇ ಸಲ ನೋಡಿದ್ದು ನಿಮ್ಮ ಆಫೀಸಲ್ಲಿ."

"ಟೆನ್ಷನ್ನಲ್ಲಿ ಏನೋ ಮಾತಾಡ್ತಿದಾರೆ ಮೇಡಂ. ಹೂವಮ್ಮ, ಬನ್ನಿ ಈ ಕಡೆ," ಎಂದು ಮುರುಗೇಶಪ್ಪ ನಡುವೆ ಬಂದರು.

ಹೂವಕ್ಕ ಕದಲಲಿಲ್ಲ. "ಆಸ್ಪತ್ರೇಲಿ ಜಾರಿ ಬಿದ್ರು ಅಂದಿದ್ದು ನಮ್ಮಮ್ಮ. ಇಲ್ಲೇ ಇದ್ದಾರೆ, ಕೇಳಿ."

ಮೇಡಂ ಗುಮಾಸ್ತರ ಕಡೆ ನೋಡಿದರು. "ಇದು ನಿಮಗೆ ಗೊತ್ತಿತ್ತಾ ಮುರುಗೇಶಪ್ಪ?"

"ಗೊತ್ತಿತ್ತು ಅಂತಲ್ಲ ಮೇಡಂ. ನಿಮ್ಮ ತಂದೆಯವ್ರ ಕಾಲದಿಂದ್ಲೂ ನಾವು..."

"ನಮ್ಮ ತಂದೆ ವೀರಪ್ಪನ್ನ ಕರೀತಿದ್ರಾ?"

ಮೇಡಂ ಅತ್ತೆಯ ಪಕ್ಕ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಕೇಳಿದರು. ಎರಡು ವರ್ಷದ ಮಾತು ಮುಗಿಯಲು ಕಾಲು ಗಂಟೆಯೂ ಬೇಕಾಗಲಿಲ್ಲ. ಆಮೇಲೆ ಹೇಳಿದರು, "ಹೆದರಿಕೇಲಿ ಆಡಿದ ಮಾತಿಗೆ ನಿಮ್ಮನ್ನ ಯಾರೂ ಒಳಗೆ ಹಾಕಲ್ಲ ಅಜ್ಜಿ. ಮಗ ಬೇಕಾದ್ರೆ ದಂಡ ಕಟ್ಟಬೇಕಾಗ್ಬಹುದು. ಹಿಂದೆ ಕೂತಿದ್ದ ಮಗಳ ಪರಿಹಾರಕ್ಕೂ ಅವನ ಲೈಸೆನ್ಸಿಗೂ ಸಂಬಂಧ ಇಲ್ಲ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಮುರುಗೇಶಪ್ಪನವರನ್ನು ನೋಡಿ, "ಎರಡು ವರ್ಷ ಒಂದು ತುತ್ತು ನೆಟ್ಟಗೆ ಇಳಿದಿಲ್ಲ ಕಣಪ್ಪ ನಂಗೆ" ಎಂದರು. ಮುರುಗೇಶಪ್ಪ ವೀರಪ್ಪನನ್ನು ಬಸ್ಸು ಹತ್ತಿಸಿ ಬರುತ್ತೇನೆಂದು ಹೊರಟುಹೋದರು.

ಮೇಡಂ ವೀರಪ್ಪನ ಹೆಸರು ಹೊಡೆದುಹಾಕಿ, ಅತ್ತೆಯನ್ನು ಸಾಕ್ಷಿಯಾಗಿ ಕರೆಯಲು ಅರ್ಜಿ ಹಾಕಿದರು. ಮುಂದಿನ ತಿಂಗಳಿಗೆ ದಿನ ಸಿಕ್ಕಿತು. ಅದರ ಹಿಂದಿನ ದಿನ ಮುರುಗೇಶಪ್ಪ ಏನೂ ಆಗದವರಂತೆ ಮನೆಗೆ ಬಂದು ಅತ್ತೆಗೆ ಪಾಠ ಶುರು ಮಾಡಿದರು. ಹಳೇ ಸೀರೆ ಉಡಿ, ಹೆಚ್ಚು ಮಾತು ಬೇಡ, ಮಗಳ ಕೈ ಅಂದ ಕೂಡಲೇ ಅಳಿ.

"ಅಳು ಬಂದ್ರೆ ಅಳ್ತೀನಿ," ಎಂದರು ಅತ್ತೆ. "ಬರ್ಲಿಲ್ಲ ಅಂದ್ರೆ ನಿಮ್ಮನ್ನ ಕರೀತೀನಿ, ನೀವೇ ಬಂದು ಅಳಿ."

ಕಟಕಟೆಯಲ್ಲಿ ಅತ್ತೆ ಅವತ್ತು ಆಸ್ಪತ್ರೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿದರು. ಎದುರಿನ ವಕೀಲರು ಎದ್ದರು.

"ಅಂದ್ರೆ ನೀವು ಸುಳ್ಳು ಹೇಳೋರು."

"ಅವತ್ತು ಹೇಳ್ದೆ."

"ಇವತ್ತು ಹೇಳ್ತಿಲ್ಲ ಅಂತ ಹೇಗೆ ನಂಬೋದು?"

"ಅವತ್ತು ಹೇಳಿದ್ದು ಮಗನ್ನ ಉಳಿಸೋಕೆ ಸ್ವಾಮಿ. ಇವತ್ತು ಅವನಿಗೆ ಲೈಸೆನ್ಸ್ ಇರ್ಲಿಲ್ಲ ಅಂತ ನಿಮ್ಮೆಲ್ಲರ ಮುಂದೆ ನಾನೇ ಹೇಳ್ತಿದೀನಿ. ಸುಳ್ಳು ಹೇಳೋಕೆ ಬಂದಿದ್ರೆ ಅದನ್ನ ಯಾಕೆ ಹೇಳ್ತಿದ್ದೆ?"

ವಕೀಲರು ಇನ್ನೆರಡು ಪ್ರಶ್ನೆ ಕೇಳಿ ಕೂತರು. ಅತ್ತೆ ಅಳಲಿಲ್ಲ. ಹೊರಗೆ ಬಂದು, ಹೂವಕ್ಕನ ಬಲಗೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು, ಅದಕ್ಕೆ ಎಣ್ಣೆ ನೀವುವವರ ಹಾಗೆ ನೀವುತ್ತಾ ಕೂತರು. ನಾನು ಮಗಳನ್ನು ಕರೆದುಕೊಂಡು ಆಚೆ ಹೋದೆ.

ತೀರ್ಪು ಬರಲು ಇನ್ನೂ ಏಳು ತಿಂಗಳು ಹಿಡಿಯಿತು. ಲಾರಿಯದೇ ತಪ್ಪು, ತಾಯಿಯ ಮಾತು ನಂಬುವಂಥದ್ದು ಎಂದು ಬರೆದಿದ್ದರು. ಪರಿಹಾರ ಮಂಜೂರಾಯಿತು. ಆದರೆ ಲೆಕ್ಕ ಹಾಕಿದ್ದು ಕೂಲಿಯ ದರಕ್ಕೆ. ಅರ್ಜಿಯಲ್ಲಿ ಇದ್ದದ್ದು ಅದೇ, ತಿದ್ದಲು ಹೊತ್ತು ಮೀರಿತ್ತು. ಹೂವಕ್ಕ ಆ ಪುಟವನ್ನು ಎರಡು ಸಲ ಓದಿ ಮಡಿಸಿಟ್ಟಳು. ಈಗ ಅವಳು ಬಾಣಂತಿ ಮನೆಗಳಿಗೆ ಹೋಗಿ ಪಕ್ಕದಲ್ಲಿ ಕೂತು ಬೇರೆ ಹೆಂಗಸರಿಗೆ ಹೇಳಿಕೊಡುತ್ತಾಳೆ. ಚೊಂಬು ಹಿಡಿದವರ ಕೈ ಸ್ವಲ್ಪ ವಾಲಿದರೂ ಬೈಯುತ್ತಾಳೆ.

ಹೋದ ವಾರ ತೀರ್ಪಿನ ಇನ್ನೊಂದು ನಕಲು ತರಲು ನಾನೇ ಕೋರ್ಟಿನ ಕಡೆ ಹೋಗಿದ್ದೆ. ಎದುರಿನ ಹೋಟೆಲಿನಲ್ಲಿ ಮುರುಗೇಶಪ್ಪ ಕೂತಿದ್ದರು. ಮುಂದೆ ಕಾಲಿಗೆ ಪಟ್ಟಿ ಕಟ್ಟಿಕೊಂಡ ಒಬ್ಬಾತ, ಜೊತೆಗೆ ಅವನ ಹೆಂಡತಿ.

"ಮಾಸ್ತಮ್ಮ ಅಂತ ಒಂದು ಅಜ್ಜಿ," ಎನ್ನುತ್ತಿದ್ದರು. "ಕೇಸು ಬಿದ್ದೇ ಹೋಗಿತ್ತು. ಒಂದು ತಿಂಗಳು ಕೂರಿಸಿಕೊಂಡು ತಯಾರು ಮಾಡ್ದೆ ನೋಡಿ. ಎದುರಿನ ಲಾಯರ್ರು ಬೆವೆತು ಹೋದ್ರು."

ಆಮೇಲೆ ಒಂದು ಗುಟುಕು ಚಹಾ ಕುಡಿದು, ಪೆನ್ನು ತೆಗೆದು, ಆ ಹೆಂಗಸನ್ನು ಕೇಳಿದರು.

"ನಿಮ್ಮ ಯಜಮಾನ್ರಿಗೆ ತಾಯಿ ಇದಾರಾ?"