ಕೂತು ಉಣ್ಣುವ ಹಟ

ನನ್ನ ಸೋದರತ್ತೆಯನ್ನು ಊರಲ್ಲಿ ಎಲ್ಲರೂ ಹಾಸ್ಟೆಲ್ ಅಕ್ಕ ಎಂದೇ ಕರೆಯುತ್ತಾರೆ. ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಕೆಲಸಕ್ಕೆ ಸೇರಿದಾಗ ಅವಳಿಗೆ ಇನ್ನೂ ಮೀಸೆ ಮೂಡದ ಒಬ್ಬ ತಮ್ಮನಿದ್ದ. ಆ ತಮ್ಮನೇ ನನ್ನ ಅಪ್ಪ. ಅವನನ್ನು ಓದಿಸಿದ್ದು, ಅವನಿಗೊಂದು ಮದುವೆ ಮಾಡಿಸಿದ್ದು, ಈಗ ನಾವಿರುವ ಮನೆಗೆ ಮಾಡು ಹೊದಿಸಿದ್ದು, ಎಲ್ಲ ಅತ್ತೆಯ ದುಡಿಮೆ. ತಾನು ಮಾತ್ರ ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆ "ಪುರುಸೊತ್ತಾಗಲಿಲ್ಲ" ಅನ್ನುತ್ತಾಳೆ. ತಮಾಷೆ ಮಾಡುತ್ತಿದ್ದಾಳೆ ಅಂತ ಜನ ನಗುತ್ತಾರೆ. ನನಗಂತೂ ಒಂದು ದಿನವೂ ನಗು ಬಂದಿಲ್ಲ.

ಹಾಸ್ಟೆಲಿನ ಅಡುಗೆಮನೆಯನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ಕಿಟಕಿ ಅಂತ ಒಂದಿತ್ತು, ಅದಕ್ಕೆ ಹೊಗೆ ಎಳೆಯುವ ಫ್ಯಾನ್ ಕೂರಿಸಿದ್ದರು. ಹೊರಗೆ ಮಳೆಯೋ ಬಿಸಿಲೋ ತಿಳಿಯಬೇಕಾದರೆ ಯಾರಾದರೂ ಒಳಗೆ ಬಂದು ಹೇಳಬೇಕಿತ್ತು. ಹುಡುಗಿಯರೆಲ್ಲ ಉಂಡು ಕೈತೊಳೆದ ಮೇಲೆ ಅತ್ತೆ ತಳದಲ್ಲಿ ಉಳಿದದ್ದನ್ನು ಒಂದು ತಟ್ಟೆಗೆ ಕೆರೆದುಕೊಂಡು, ಕಟ್ಟೆಗೆ ಒರಗಿ ನಿಂತೇ ತಿನ್ನುತ್ತಿದ್ದಳು. ಒಂದು ಕಣ್ಣು ಕಾಯಲಿಟ್ಟ ಹಾಲಿನ ಮೇಲೆ, ಒಂದು ಕಣ್ಣು ತೊಳೆಯಬೇಕಾದ ಪಾತ್ರೆಗಳ ಮೇಲೆ. ಅವಳು ಬಾಯಿಗಿಡುವ ಹೊತ್ತಿಗೆ ಅನ್ನ ತಣ್ಣಗಾಗಿ ಉಂಡೆ ಕಟ್ಟಿರುತ್ತಿತ್ತು.

ಅವಳು ನಿವೃತ್ತಿಯಾಗಿ ಮನೆಗೆ ಬರುವ ದಿನ ಅಪ್ಪ ಒಂದು ದೊಡ್ಡ ಕೆಲಸ ಮಾಡಿದ. ಪೇಟೆಗೆ ಹೋಗಿ, ಫಳಫಳ ಹೊಳೆಯುವ ಹೊಸ ಗ್ಯಾಸ್ ಒಲೆ ತಂದು ನಮ್ಮ ಅಡುಗೆಮನೆಯಲ್ಲಿ ಇಟ್ಟ. ಅಕ್ಕನಿಗೆ ಅಂತ ಕಾಣಿಕೆ. ನೆಂಟರಿಷ್ಟರಿಗೆಲ್ಲ ಫೋನ್ ಮಾಡಿ, ಇನ್ನು ಮೇಲೆ ನಮ್ಮ ಮನೆ ಊಟ ಅಂದರೆ ಊಟ, ಬನ್ನಿ ಅಂತ ಹೇಳಿಯೂ ಆಗಿತ್ತು. ಅತ್ತೆ ಚೀಲ ಇಳಿಸಿ, ಒಲೆಯ ಸುತ್ತ ಒಮ್ಮೆ ಕೈಯಾಡಿಸಿ, "ಚೆನ್ನಾಗಿದೆ ಕಣೋ. ಯಾರು ಹಚ್ತಾರೆ ಇದನ್ನ?" ಅಂತ ಕೇಳಿದಳು.

ಅಪ್ಪ ನಕ್ಕ. ಅಮ್ಮ ನಗಲಿಲ್ಲ. ಅಡುಗೆಯವಳ ಮಾತು ಅಡುಗೆಯವಳಿಗೇ ತಿಳಿಯುತ್ತದೆ.

ಮರುದಿನ ಮಧ್ಯಾಹ್ನ ಅತ್ತೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಛತ್ರಿ ಹಿಡಿದು, ಊಟಕ್ಕೆ ಹೋಗಿ ಬರ್ತೀನಿ ಅಂತ ಹೊರಟೇಬಿಟ್ಟಳು. ಬಸ್ಸು ನಿಲ್ಲುವಲ್ಲಿ ಒಂದು ಹೋಟೆಲ್ ಇದೆ, ಮರ ಕೊಯ್ಯುವ ಮಿಲ್ಲಿನ ಎದುರು ಒಂದಿದೆ, ಕೆರೆ ಏರಿಯ ಕೊನೆಯಲ್ಲಿ ಮೀಸೆಯಣ್ಣನ ಹೋಟೆಲ್ ಇದೆ. ಮೂರನ್ನೂ ಸರದಿಯ ಮೇಲೆ ಹಿಡಿದಳು. ಬಸ್ಸಿನ ಹತ್ತಿರದವನ ಮೊಟ್ಟೆ ಚೆನ್ನ, ಮಾತು ಕೆಟ್ಟದು. ಮಿಲ್ಲಿನ ಎದುರಿನವನು ಕೈ ಬಿಚ್ಚಿ ಬಡಿಸುತ್ತಾನೆ, ಆದರೆ ತಟ್ಟೆಯಲ್ಲಿ ಎರಡು ಚಿಟಿಕೆ ಮರದ ಪುಡಿ ಖಾತ್ರಿ. ಮೀಸೆಯಣ್ಣನದು ಎಲ್ಲಕ್ಕಿಂತ ಮೇಲು. ಅವನ ಹುರಿದ ಮೀನಿಗಿಂತ ಅವಳಿಗೆ ಇಷ್ಟವಾದದ್ದು ಅಲ್ಲಿಯ ಕಿಟಕಿ. ಕಂಬಿಯಿಲ್ಲ, ಪರದೆಯಿಲ್ಲ, ಕೈಚಾಚಿದರೆ ಕೆರೆಯಂಚಿನ ಹುಲ್ಲು ಸಿಗುತ್ತದೆ.

ನಾನು ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು. ಕೆಲಸ ಕಡಿಮೆಯಿದ್ದ ದಿನ ನಾನೂ ಜತೆಗೆ ಹೋಗುತ್ತಿದ್ದೆ. ಅವಳ ಜತೆ ಏರಿಯ ಮೇಲೆ ನಡೆಯುವುದೆಂದರೆ ಹಸಿದ ಹೊಟ್ಟೆಗೆ ಶಿಕ್ಷೆ. ಇರುವೆ ಸಾಲು ಕಂಡರೆ ನಿಲ್ಲುತ್ತಾಳೆ. ಅಳಿಲು ಕಂಡರೆ ನಿಲ್ಲುತ್ತಾಳೆ. ಮುಟ್ಟಿದರೆ ಮುನಿ ಗಿಡ ಕಂಡರಂತೂ ಅಷ್ಟೂ ಎಲೆ ಮುಚ್ಚಿಸದೆ ಮುಂದೆ ಬರುವುದಿಲ್ಲ. ಊಟಕ್ಕೆ ಕೂತ ಮೇಲೂ ಅಷ್ಟೆ. ಒಂದು ದಿನ ನೀರಿನಲ್ಲಿ ನಿಂತ ಕೊಕ್ಕರೆಯನ್ನು ತೋರಿಸಿ, "ನೋಡೇ, ಪಾಪ, ಅದೂ ನಿಂತೇ ತಿನ್ನತ್ತೆ. ಯಾವ ಹಾಸ್ಟೆಲೋ ಏನೋ" ಅಂದಳು. ಮೀಸೆಯಣ್ಣ ಬಡಿಸುತ್ತಿದ್ದವನು ಪಾತ್ರೆ ಕೆಳಗಿಟ್ಟು ನಕ್ಕ. ಅವಳು ಅವಸರವಿಲ್ಲದೆ ಉಣ್ಣುವುದನ್ನು, ಬೇಕಾದಾಗ ಇನ್ನಷ್ಟು ಕೇಳಿ ಹಾಕಿಸಿಕೊಳ್ಳುವುದನ್ನು ನೋಡುವುದೇ ನನಗೊಂದು ಖುಷಿ.

ಊರಿನ ಕಣ್ಣಿಗೆ ಆ ಖುಷಿ ಚುಚ್ಚಿತು. ತಮ್ಮನ ಹೆಂಡತಿ ಒಂದು ತುತ್ತು ಅನ್ನ ಹಾಕಲ್ವಂತೆ, ಅದಕ್ಕೇ ಮುದುಕಿ ಹೋಟೆಲ್ ಹೋಟೆಲ್ ಅಲೀತಾಳೆ ಅಂತ ಸುದ್ದಿಯಾಯಿತು. ಅಮ್ಮನಿಗೆ ನೋವಾಯಿತು, ಆದರೆ ಅತ್ತೆಯ ಮುಂದೆ ಒಂದು ಮಾತೂ ಆಡಲಿಲ್ಲ. ಆಡಿದ್ದು ಅಪ್ಪ. ಒಂದು ಸಂಜೆ ಅತ್ತೆ ಕಾಲು ತೊಳೆದು ಒಳಗೆ ಬರುವುದನ್ನೇ ಕಾದಿದ್ದ.

"ಊರಿಗೆಲ್ಲ ಬೇಯಿಸಿ ಹಾಕ್ದೋಳು, ಸ್ವಂತ ಮನೆಗೆ ಒಂದು ಹೊತ್ತು ಮಾಡಕ್ಕಾಗಲ್ವಾ ಅಕ್ಕಾ? ಕೂತು ಉಣ್ಣೋನಿಗೆ ಕುಡಿಕೆ ಹೊನ್ನೂ ಸಾಲದು ಅಂತಾರೆ."

"ಇಷ್ಟು ವರ್ಷ ನಿಂತೇ ಉಂಡೆನಲ್ಲಪ್ಪಾ, ನನ್ನ ಕುಡಿಕೆ ತುಂಬಿದ್ದು ನೋಡಿದ್ಯಾ?" ಅಂತ ಅತ್ತೆ ಕೇಳಿದಳು. "ಬೆಳಿಗ್ಗೆ, ರಾತ್ರಿ ನಿನ್ನ ಹೆಂಡತಿ ಮಾಡಿದ್ದು ತಿಂತೀನಿ. ಅವಳ ಕೈ ರುಚಿಗೆ ಕೊಂಕು ಹೇಳಿದ್ರೆ ನನ್ನ ನಾಲಿಗೆ ಬಿದ್ದುಹೋಗಲಿ. ಮಧ್ಯಾಹ್ನ ಒಂದು ನನ್ನದು. ಅದನ್ನ ಬಿಡಲ್ಲ."

ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋದ. ಸೋತ ಅಂದುಕೊಂಡೆ ನಾನು. ಅಪ್ಪನನ್ನು ಹುಟ್ಟಿದಾಗಿನಿಂದ ನೋಡುತ್ತಿರುವವಳಿಗೆ ಅಷ್ಟು ಬುದ್ಧಿ ಬೇಡವೇ.

ಒಂದು ವಾರ ಕಳೆದಿರಬೇಕು, ಅತ್ತೆ ಹೋದ ಕಾಲಿನಲ್ಲೇ ಹಿಂದಿರುಗಿದಳು. ಬಸ್ಸಿನ ಹತ್ತಿರದವನಲ್ಲಿ ಊಟ ಖಾಲಿಯಂತೆ. ಮಿಲ್ಲಿನ ಎದುರಿನವನೂ ಖಾಲಿ ಅಂದನಂತೆ. ಕೆರೆ ಏರಿಯವರೆಗೆ ನಡೆಯಲು ಹಸಿವು ಬಿಡಲಿಲ್ಲವಂತೆ. ಬಂದವಳು ಅಡುಗೆಮನೆಗೆ ಹೋದಳು. ಅಪ್ಪನ ಊಟ ಆಗಷ್ಟೇ ಮುಗಿದಿತ್ತು. ಅಮ್ಮ ಉಳಿದದ್ದನ್ನು ಎರಡು ತಟ್ಟೆಗೆ ಹಂಚಿದಳು. ಇಬ್ಬರೂ ಕಟ್ಟೆಗೆ ಒರಗಿ, ನಿಂತು, ತಣ್ಣನೆಯ ಅನ್ನವನ್ನು ತಿಂದು ಮುಗಿಸಿದರು. ಅಪ್ಪ ಹೊರಗೆ ಕುರ್ಚಿಯಲ್ಲಿ ಕಾಲು ಚಾಚಿಕೊಂಡು, "ಮನೆ ಊಟವೇ ಮನೆ ಊಟ" ಅಂದ. ಏನು ನಡೆದಿದೆ ಎಂದು ನನಗೆ ಇನ್ನೂ ತಿಳಿದಿರಲಿಲ್ಲ.

ಮಾರನೆಯ ದಿನ ಕೈಲಿದ್ದ ಬಟ್ಟೆ ಬಿಟ್ಟು ನಾನೇ ಅವಳ ಜತೆ ಮೀಸೆಯಣ್ಣನಲ್ಲಿಗೆ ಹೋದೆ. ನಮ್ಮನ್ನು ಕಂಡವನೇ ಮುಖ ಆ ಕಡೆ ಮಾಡಿ, "ಮುಗೀತಲ್ಲಕ್ಕಾ" ಅಂದ. ಅತ್ತೆ ಹಿಂದಿರುಗಲಿಲ್ಲ. ಕಿಟಕಿಯ ಪಕ್ಕ ಕೂತು ಸುಮ್ಮನೆ ಕಿವಿಗೊಟ್ಟಳು. ಒಳಗೆ ಯಾರಿಗೋ ಬಡಿಸುವ ಸದ್ದು ಬಂತು.

"ತಳ ಕಂಡ ಪಾತ್ರೆ ಹಾಗೆ ಸದ್ದು ಮಾಡಲ್ಲ ಮೀಸೆಯಣ್ಣಾ. ಅದರಲ್ಲಿ ಇನ್ನೂ ಅರ್ಧ ಊರಿಗಾಗುವಷ್ಟಿದೆ. ನನ್ನಿಂದ ಏನಾದರೂ ತಪ್ಪಾಯ್ತಾ?"

ಆ ದೊಡ್ಡ ಮೀಸೆಯ ಮನುಷ್ಯ ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡ. "ನಿಮ್ಮ ತಮ್ಮನೇ ಬಂದು ಕೈ ಮುಗಿದ್ರಕ್ಕಾ. ನಿಮಗೆ ಸಕ್ಕರೆ ಕಾಯಿಲೆ ಏರಿಬಿಟ್ಟಿದೆ, ಹೊರಗಿನ ಊಟ ಹಾಕಿದ್ರೆ ಜೀವಕ್ಕೇ ಅಪಾಯ ಅಂತ ಡಾಕ್ಟರ್ ಹೇಳಿದಾರಂತೆ. ನಿಮಗೆ ಹೇಳ್ಬೇಡಿ, ಹೆದರ್ಕೋತಾರೆ ಅಂದ್ರು. ಮೂರೂ ಕಡೆ ಹೇಳಿದಾರೆ. ನಮ್ಮ ಅನ್ನದಿಂದ ನಿಮಗೆ ಏನಾದ್ರೂ ಆದ್ರೆ ನಾವು ಹೇಗಕ್ಕಾ ತಡಕೊಳ್ಳೋದು?"

ಅತ್ತೆಗೆ ಸಕ್ಕರೆಯೂ ಇಲ್ಲ, ಉಪ್ಪೂ ಇಲ್ಲ. ಕಲ್ಲು ತಿಂದು ಕರಗಿಸುವ ಜೀವ ಅದು. ಅವಳು ಕೆರೆಯ ಕಡೆ ಮುಖ ತಿರುಗಿಸಿದಳು. ಕಣ್ಣಲ್ಲಿ ನೀರು ತುಂಬಿತ್ತು. ಅವಳು ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ನಿಮ್ಮ ಮೇಲೆ ಬೇಜಾರಿಲ್ಲ ಮೀಸೆಯಣ್ಣಾ. ಒಂದು ಖಾಲಿ ತಟ್ಟೆ ತಂದಿಡಿ, ಸಾಕು. ಅನ್ನ ಹಾಕ್ಬೇಡಿ," ಅಂದವಳು ನನ್ನ ಕಡೆ ತಿರುಗಿದಳು. "ಹೋಗಿ ನಿಮ್ಮಪ್ಪನ್ನ ಕರ್ಕೊಂಡ್ಬಾ. ಅವನು ಬರೋವರೆಗೂ ನಾನು ಇಲ್ಲಿಂದ ಏಳಲ್ಲ ಅಂತ ಹೇಳು."

ಓಡುತ್ತಲೇ ಹೋದೆ. ಅಪ್ಪ ಊಟಕ್ಕೆ ಕೂತಿದ್ದ, ಅಮ್ಮ ಪಾತ್ರೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಬಾಗಿಲಲ್ಲೇ ನಿಂತು ಎಲ್ಲವನ್ನೂ ಒದರಿದೆ. ಅಪ್ಪ ತುತ್ತು ಕೈಯಲ್ಲಿ ಹಿಡಿದೇ, "ಅವಳ ಒಳ್ಳೇದಕ್ಕೇ ಮಾಡಿದ್ದು" ಅಂದ. ಅಮ್ಮನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಅವಳು ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ನಿನ್ನೆ ಅತ್ತಿಗೆ ಹಸ್ಕೊಂಡು ವಾಪಸ್ ಬಂದಾಗ ನೀವು ಕಾಲು ಚಾಚಿ ಕೂತಿದ್ರಿ. ಗೊತ್ತಿದ್ದೂ ಕೂತಿದ್ರಿ. ಏಳಿ, ಹೋಗೋಣ" ಅಂದು, ಅಪ್ಪ ಕೈ ತೊಳೆಯುವುದರೊಳಗೆ ಚಪ್ಪಲಿ ಮೆಟ್ಟಿ ಬೀದಿಗಿಳಿದಳು.

ಹೋಟೆಲಿನಲ್ಲಿ ಉಣ್ಣುತ್ತಿದ್ದವರೆಲ್ಲ ಊಟ ನಿಧಾನ ಮಾಡಿದ್ದರು. ಖಾಲಿ ತಟ್ಟೆಯ ಮುಂದೆ ಅತ್ತೆ ನೆಟ್ಟಗೆ ಕೂತಿದ್ದಳು. ಅಪ್ಪ ಹತ್ತಿರ ಹೋಗಿ ದನಿ ತಗ್ಗಿಸಿ, "ಎದ್ದೇಳು ಅಕ್ಕ. ನಾಲ್ಕು ಜನರ ಮುಂದೆ ಮರ್ಯಾದೆ ಕಳೀಬೇಡ" ಅಂದ.

"ನನ್ನ ಹೊಟ್ಟೆಗೆ ಕಾಯಿಲೆ ಅಂಟಿಸಿ ಊರೆಲ್ಲ ಹಂಚಿದೋನು ನೀನು. ಮರ್ಯಾದೆ ಲೆಕ್ಕ ಆಮೇಲೆ ನೋಡೋಣ," ಅಂದಳು ಅತ್ತೆ. ದನಿ ಏರಿಸಲಿಲ್ಲ. "ಒಂದು ಕೇಳ್ತೀನಿ, ಹೇಳು. ಮನೇಲಿ ನಾನು ಕೂತು ಉಂಡಿದ್ದು ಯಾವತ್ತಾದ್ರೂ ನೋಡಿದ್ಯಾ?"

"ಯಾರು ಬೇಡ ಅಂದ್ರು? ಕೂತ್ಕೊಂಡೇ ಉಣ್ಣು."

"ಬಡಿಸೋರು ಯಾರು?"

"ಇವಳಿಲ್ವಾ?" ಅಂತ ಅಪ್ಪ ಅಮ್ಮನ ಕಡೆ ಕೈ ತೋರಿಸಿದ.

"ಇವಳಿಗೆ ಬಡಿಸೋರು ಯಾರು?"

ಅಪ್ಪ ಚಾಚಿದ ಕೈಯನ್ನು ಕೆಳಗಿಳಿಸಿದ. ಅವನನ್ನು ಕೆಟ್ಟವನು ಅನ್ನಲಾರೆ. ಆ ಪ್ರಶ್ನೆ ಅವನ ತಲೆಗೆ ಒಂದು ದಿನವೂ ಬಂದಿರಲಿಲ್ಲ, ಅಷ್ಟೆ. ಆದರೆ ಅವನ ಮುಖ ನೋಡಿ ನನಗೆ ಕನಿಕರವೂ ಬರಲಿಲ್ಲ. ಇಡೀ ಹೋಟೆಲ್ ಅವನ ಉತ್ತರಕ್ಕೆ ಕಾಯುತ್ತಿತ್ತು.

ಅಷ್ಟರಲ್ಲಿ ಅಮ್ಮ ಅತ್ತೆಯ ಎದುರಿನ ಕುರ್ಚಿ ಎಳೆದು ಕೂತಳು. ಸೆರಗು ಸರಿ ಮಾಡಿಕೊಂಡು, ಹೊಸ ಜಾಗದಲ್ಲಿ ಕೈ ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡು, "ನನಗೂ ಒಂದು ಊಟ ಹಾಕಿ" ಅಂದಳು. "ಅತ್ತಿಗೆಗೂ ಹಾಕಿ. ಅವರಿಗೆ ಯಾವ ಕಾಯಿಲೆನೂ ಇಲ್ಲ. ಒಂದೇ ಮನೇಲಿರೋಳು ನಾನು, ನನ್ನ ಮಾತು ನಂಬಿ."

ಮೀಸೆಯಣ್ಣ ಮತ್ತೊಂದು ಮಾತು ಕೇಳಲಿಲ್ಲ. ಹಬೆಯಾಡುವ ಅನ್ನ ತಂದ, ಬೇಯಿಸಿದ ತರಕಾರಿ ತಂದ, ಆಗಷ್ಟೇ ಬಾಣಲೆಯಿಂದ ಎತ್ತಿದ ಮೀನು ತಂದ. ಅವನು ಬಡಿಸಲು ಬಗ್ಗಿದ ಕೂಡಲೇ ಅಮ್ಮ ಅರ್ಧ ಎದ್ದು, "ಇಲ್ಲಿ ಕೊಡಿ, ನಾನೇ ಹಾಕ್ಕೋತೀನಿ" ಅಂದಳು. ಅತ್ತೆ ಅವಳ ಮುಂಗೈ ಹಿಡಿದು, "ಕೂತ್ಕೊಳ್ಳೇ" ಅಂದಳು. ಅಮ್ಮ ಕೂತಳು. ಮೊದಲ ತುತ್ತಿಗೆ ಬೆರಳು ಸುಟ್ಟು ಕೈ ಹಿಂದೆಗೆದು, "ಬಿಸಿ ಇದೆ ಅತ್ತಿಗೆ" ಅಂದಳು.

ಅಪ್ಪ ಇನ್ನೂ ನಿಂತೇ ಇದ್ದ. "ನಾನು ಅರ್ಧ ಊಟದಲ್ಲಿ ಎದ್ದು ಬಂದಿದ್ದೀನಿ" ಅಂದ, ಯಾರಿಗೆ ಅಂತಿಲ್ಲದೆ.

"ಮನೇಲಿ ಪಾತ್ರೆ ಮೇಜಿನ ಮೇಲೇ ಇದೆ. ಬಡಿಸ್ಕೊಳ್ಳಿ" ಅಂದಳು ಅಮ್ಮ, ತಟ್ಟೆಯಿಂದ ತಲೆ ಎತ್ತದೆ. "ತೊಳೆದು ಬೋರಲು ಹಾಕಿಡಿ. ನಮಗೆ ತಡ ಆಗತ್ತೆ. ಊಟ ಆದ್ಮೇಲೆ ಅತ್ತಿಗೆ ಜತೆ ಕೆರೆ ಸುತ್ತಿ ಬರ್ತೀನಿ."

ಅಪ್ಪ ನನ್ನ ಮುಖ ನೋಡಿದ. ನಾನು ಇನ್ನೊಂದು ಕುರ್ಚಿ ಎಳೆದುಕೊಂಡೆ. ಅವನು ಮೆಟ್ಟಿಲಿಳಿದು, ಏರಿಯ ಮೇಲೆ ಒಬ್ಬನೇ ಮನೆಯ ಕಡೆ ನಡೆದ. ಅಮ್ಮ ಕಿಟಕಿಯಿಂದ ಒಂದು ಸಲ ನೋಡಿದಳು. ಆಮೇಲೆ ಮೀಸೆಯಣ್ಣನ ಕಡೆ ತಟ್ಟೆ ಸರಿಸಿ, "ಇನ್ನೊಂದು ಸ್ವಲ್ಪ ಹಾಕಿ" ಅಂದಳು.